ಜಡ್ಡುಗಟ್ಟಿದ ಕಾಲು

ಬಿ.ಎ. ಮುಗಿಸಿ ನಾವು ಮೊದಲು ಬರೆದ ಪದ್ಯ ಅವ್ವನ ಕಾಲಿನ ಮೇಲೆ. ಒಡೆದ ಹಿಮ್ಮಡಿಯನ್ನು ಬತ್ತಿದ ಕೆರೆಯಂಗಳಕ್ಕೆ ಹೋಲಿಸಿದ್ದೆವು. ಗೆಳೆಯರು ಭೇಷ್ ಅಂದರು. ಮನೆಗೆ ಹೋಗಿ ಅವ್ವನಿಗೆ ಓದಿದೆವು. "ಅದೆಲ್ಲಾ ಸರಿ ಕಣ್ಲಾ, ಬರುವಾಗ ಒಸಿ ಹರಳೆಣ್ಣೆ ತರಬಾರದಿತ್ತಾ?" ಅಂದಳು.

ಕಾವ್ಯದಲ್ಲಿ ಪಾದ ಅಂದರೆ ಪದ್ಮ. ತಿಪ್ಪೆಗುಂಡಿ ತುಳಿಯದ ಪಾದ ಪದ್ಮವಾಗದೆ ಇನ್ನೇನಾದೀತು! ಅದಕ್ಕೆ ಎದುರಾಗಿ ನಾವು ಹಿಮ್ಮಡಿಯನ್ನು ಪದ್ಯಕ್ಕೆ ತಂದೆವು. ತಂದದ್ದು ಸರಿ. ಆದರೆ ಜಡ್ಡನ್ನೇ ದುಡಿಮೆಯ ಒಡವೆ ಅಂತ ಹೊಗಳುತ್ತಾ ಕೂತರೆ, ಕೂಲಿ ಕಡಿಮೆ ಕೊಡುವವನಿಗೆ ಅದೆಷ್ಟು ಅನುಕೂಲ.

ಜಡ್ಡು ಅಂದರೇನು? ಒಂದೇ ಜಾಗಕ್ಕೆ ಭಾರ, ತಿಕ್ಕಾಟ ಬೀಳುತ್ತಲೇ ಇದ್ದರೆ ಚರ್ಮ ತನ್ನ ಮೇಲುಪದರವನ್ನು ತಾನೇ ದಪ್ಪ ಮಾಡಿಕೊಳ್ಳುತ್ತದೆ. ಅದು ರೋಗವಲ್ಲ, ಕಾವಲು. ಮಿತಿ ಮೀರಿದರೆ ಒಣಗಿ ಬಿರಿಯುತ್ತದೆ. ಬಿರುಕು ಆಳಕ್ಕಿಳಿದರೆ ರಕ್ತ, ಆಮೇಲೆ ಕೀವು. ಮದ್ದು ದೊಡ್ಡದೇನಲ್ಲ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಉಜ್ಜುಗಲ್ಲಲ್ಲಿ ಮೆಲ್ಲಗೆ ತಿಕ್ಕಿ, ಒರೆಸಿ, ಪಸೆ ಆರುವ ಮುಂಚೆ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಬೇಕು. ಔಷಧಿ ಅಂಗಡಿಯಲ್ಲಿ ಯೂರಿಯಾ ಬೆರೆತ ಮುಲಾಮೂ ಸಿಗುತ್ತದೆ (ಹೊಲಕ್ಕೆ ಎರಚುವ ಗೊಬ್ಬರ ಬಳಿದುಕೊಂಡೀರಿ, ಜೋಕೆ). ಬ್ಲೇಡಿನಲ್ಲಿ ಕೆತ್ತುವ ಚಾಳಿ ಬಿಡಬೇಕು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಸ್ಪರ್ಶ ಸತ್ತ ಕಾಲಾದರೆ ಜಡ್ಡಿನಡಿ ಹುಣ್ಣು ಬೆಳೆದರೂ ಗೊತ್ತಾಗೋದಿಲ್ಲ. ಅಂಥವರು ದಿನಾ ಅಂಗಾಲು ನೋಡಿಕೊಳ್ಳಬೇಕು, ಮನೆಮದ್ದು ಬಿಟ್ಟು ಆಸ್ಪತ್ರೆಗೇ ಹೋಗಬೇಕು.

ಇಷ್ಟೆಲ್ಲಾ ಕಲಿತು ನಾವು ಉಜ್ಜುಗಲ್ಲು ಹಿಡಿದು ಕೂತೆವು. ಅವ್ವ ಕಾಲು ಹಿಂದಕ್ಕೆಳೆದುಕೊಂಡಳು. "ಪೂರ್ತಿ ತೆಗೀಬ್ಯಾಡ ಕಣ್ಲಾ. ನಾಳೆ ಕೂಳೆ ಮೇಲೆ ನಡೀಬೇಕು. ಅದೇ ನಂಗೆ ಕೆರ."

ನಮ್ಮ ಕಲ್ಲು ಅಲ್ಲೇ ನಿಂತಿತು. ಬೇರೆ ಕಾವಲು ಕೊಡದೆ ಇರುವ ಕಾವಲನ್ನು ಕಿತ್ತುಕೊಳ್ಳುವುದು ಯಾವ ಉಪಚಾರ? ತಿಕ್ಕಾಟ ಹಾಗೇ ಉಳಿದರೆ ತೆಗೆದ ಜಡ್ಡು ಮತ್ತೆ ಕಟ್ಟಿಕೊಳ್ಳುತ್ತದೆ. ಮೊದಲು ಕೆರ, ಆಮೇಲೆ ಕಲ್ಲು.

ಹನ್ನೆರಡನೇ ಶತಮಾನದ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಕೆರ ಹೊಲಿದರು ಅಂತ ಕತೆ. ಕೇಳಿದವರೆಲ್ಲ ಕಣ್ಣೀರಿಡುತ್ತಾರೆ. ಆ ಹೊತ್ತು ಹರಳಯ್ಯನ ಕಾಲಲ್ಲಿ ಏನಿತ್ತು ಅಂತ ಕೇಳಿದವರನ್ನು ನಾವು ಕಂಡಿಲ್ಲ. ನಮ್ಮಜ್ಜ ಊರೊಳಗೆ ಹೋಗುವಾಗ ಕೆರ ಕಳಚಿ ಕೈಯಲ್ಲಿ ಹಿಡಿಯುತ್ತಿದ್ದ. ಹಳೇ ಮಾತು ಬಿಡಿ ಅನ್ನುತ್ತೀರಾ? ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಪಾದರಕ್ಷೆ ತೊಡುವುದನ್ನು ತಡೆದರೆ ಅಪರಾಧ ಅಂತ 1989ರ ದೌರ್ಜನ್ಯ ತಡೆ ಕಾಯ್ದೆಗೆ ಬಿಡಿಸಿ ಸೇರಿಸಿದ್ದು 2015ರ ತಿದ್ದುಪಡಿಯಲ್ಲಿ. ಸ್ವಾತಂತ್ರ್ಯ ಬಂದ 68 ವರ್ಷಕ್ಕೆ! ತಡೆಯುವವರೇ ಇಲ್ಲದಿದ್ದರೆ ಇದನ್ನು ಬರೆಯುವ ದರ್ದು ಯಾರಿಗಿತ್ತು?

ಹೋದ ಸಂತೆಯಲ್ಲಿ ಅವ್ವನಿಗೆ ಅಳತೆಯ ಚಪ್ಪಲಿ ತಂದೆವು, ಮೆತ್ತನೆ ಅಟ್ಟೆಯದು. ಹಾಕಿಕೊಂಡು ಜೊತೆಗೇ ಹೊರಟಳು. ಊರಬಾಗಿಲ ಹತ್ತಿರ ಕೈ ತಾನಾಗೇ ಕಾಲಿಗೆ ಹೋಯಿತು. ಈಗ ಅಲ್ಲಿ ಯಾರೂ ಬಿಚ್ಚು ಅನ್ನುವುದಿಲ್ಲ. "ಬಿಚ್ಚಬ್ಯಾಡ, ನಡಿಯವ್ವ" ಅಂದೆವು. ಹತ್ತು ಹೆಜ್ಜೆ ನಡೆದಳು. ಆಮೇಲೆ ಬಿಚ್ಚಿ ಕೈಯಲ್ಲಿ ಹಿಡಿದಳು.