ಕೊಳಕು ಯಾರದು?

ಆಸ್ಪತ್ರೆಯಲ್ಲಿ ರಕ್ತ ಒರೆಸಿ ಎಸೆದ ಹತ್ತಿ ಯಾರದು? ರೋಗಿಯದೆ, ಡಾಕ್ಟರರದೆ, ಎತ್ತಿ ಒಯ್ಯುವವನದೆ? ಕೆಲಸವಿಲ್ಲದವರ ತರ್ಕ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಎರಡು ಉತ್ತರಗಳಿವೆ. ಒಂದು ಜಾತಿ ಕೊಟ್ಟದ್ದು, ಇನ್ನೊಂದು ಕಾಯಿದೆ ಕೊಟ್ಟದ್ದು.

ಜಾತಿಯ ಉತ್ತರ: ಎತ್ತಿದವನದೇ ಮೈಲಿಗೆ. ಮಲ ಮಾಡಿದವನು ಶುದ್ಧ, ಹೊತ್ತವನು ಅಶುದ್ಧ. ಹಾಲು ಕುಡಿದವನು ಶುದ್ಧ, ಸತ್ತ ದನ ಎಳೆದವನು ಅಶುದ್ಧ. ಕೊಳಕು ಮಾಡಿದವನ ಹೊಣೆಯನ್ನು ಎತ್ತುವವನ ಹುಟ್ಟಿಗೆ ಅಂಟಿಸಿದ ಲೆಕ್ಕ ಇದು. 1970ರ ದಶಕದಲ್ಲಿ ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಾಗ ಅಲುಗಾಡಿದ್ದು ಬರೀ ಬುಟ್ಟಿಯಲ್ಲ, ಈ ಲೆಕ್ಕ.

ಕಾಯಿದೆಯ ಉತ್ತರ ಇದಕ್ಕೆ ತದ್ವಿರುದ್ಧ. 1998ರಲ್ಲಿ, ಆಮೇಲೆ 2016ರಲ್ಲಿ ಬಂದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ಕೊಳಕು ಹುಟ್ಟುವ ಜಾಗದ ಒಡೆಯನೇ ಹೊಣೆಗಾರ ಅನ್ನುತ್ತವೆ. 2016ರ ನಿಯಮದಂತೆ ಹಳದಿ ಚೀಲಕ್ಕೆ ದೇಹದ ಭಾಗ, ರಕ್ತದ ಬಟ್ಟೆ, ಕೆಂಪಿಗೆ ಪ್ಲಾಸ್ಟಿಕ್ ನಳಿಕೆ, ತೂತು ಬೀಳದ ಬಿಳಿ ಡಬ್ಬಿಗೆ ಸೂಜಿ, ಬ್ಲೇಡು, ನೀಲಿಗೆ ಗಾಜು. ಹಳದಿ ಚೀಲದ ಕೊಳೆಯುವ ಕಸವನ್ನು 48 ಗಂಟೆಗಿಂತ ಹೆಚ್ಚು ಇಡಬಾರದು. ಚೀಲಕ್ಕೆ ಬಾರ್‌ಕೋಡ್, ಗಾಡಿಗೆ ಜಿಪಿಎಸ್. ಎತ್ತುವ ಕೆಲಸಗಾರನಿಗೆ ಕಾಮಾಲೆ-ಬಿ ಮತ್ತು ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ. ಕಾಗದದ ಮೇಲೆ ಇದು ದೊಡ್ಡ ಮಾತೇ.

ಆದರೆ ಕಾಗದದಿಂದ ಕೈಗೆ ಬರುವಷ್ಟರಲ್ಲಿ ಆಗುವುದೇನು? ಒಡೆಯ ಕಾಂಟ್ರಾಕ್ಟರನಿಗೆ ಕೊಡುತ್ತಾನೆ, ಕಾಂಟ್ರಾಕ್ಟರ ದಿನಗೂಲಿಯವನಿಗೆ ಕೊಡುತ್ತಾನೆ. ಕೇಳಿದರೆ, "ರೊಕ್ಕ ಕೊಟ್ಟೀವಿ, ಅಂವ ಒಪ್ಪಿಕೊಂಡಾನ, ಇನ್ನ ನಮಗೇನು ಸಂಬಂಧ?" ಅನ್ನುವ ಮಾತು ಸಿದ್ಧವಾಗಿರುತ್ತದೆ. ಚೀಲ ಎಲ್ಲಿಗೆ ಹೋಯಿತೆಂದು ಬಾರ್‌ಕೋಡ್ ಹೇಳಬಲ್ಲದು. ಸೂಜಿ ಚುಚ್ಚಿಸಿಕೊಂಡ ಕೈ ಎಲ್ಲಿಗೆ ಹೋಯಿತೆಂದು ಹೇಳಲಾರದು.

ಈ "ಒಪ್ಪಿಕೊಂಡಾನ" ಎಂಬ ಮಾತನ್ನೇ ನಾವು ಹಿಡಿದು ನೋಡಬೇಕು. ಒಲ್ಲೆ ಅನ್ನಲು ಬಂದವನದು ಮಾತ್ರ ಒಪ್ಪಿಗೆ. ಅದೇ ಕೂಲಿ ಎಲ್ಲರಿಗೂ ತೆರೆದಿದ್ದರೂ ತಲೆತಲಾಂತರದಿಂದ ಅದೇ ಕೇರಿಯ ಮಂದಿಯೇ ಆ ಕೆಲಸಕ್ಕೆ ನಿಂತರೆ, ಆ ಕೂಲಿ ಕೊಳ್ಳುತ್ತಿರುವುದು ದುಡಿಮೆಯನ್ನಲ್ಲ, ಹುಟ್ಟನ್ನು. ಅಲ್ಲದೆ ಕೆಲಸವನ್ನು ಕೂಲಿಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಲಾರಿ ಚೀಲವನ್ನು ಸಾಗಿಸುತ್ತದೆ, ಪಾಪವನ್ನಲ್ಲ.

"ಹಂಗಾರ ಯಾರಾದ್ರೂ ಮಾಡ್ಲೇಬೇಕಲ್ರೀ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಡಲೇಬೇಕು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಕಾಮಾಲೆ-ಬಿ ಹಬ್ಬಿತು, ಜನ ಸತ್ತರು. ಸೂಜಿಯನ್ನು ಮತ್ತೆ ಬಾರದಂತೆ ಒಯ್ಯುವವನು ಜೀವ ಉಳಿಸುವವನು. ಡಾಕ್ಟರು ಮಾಡುವುದೂ ಅದನ್ನೇ. ಹಾಗಿದ್ದರೆ ಅವನ ಲಸಿಕೆ, ಕೈಗವಸು, ತಕ್ಕ ಸಂಬಳ ಯಾರದೂ ಧರ್ಮವಲ್ಲ, ಅವನ ಹಕ್ಕು.

ಈಗ ನಮ್ಮ ನೆಲಕ್ಕೆ ಬರೋಣ. ಅಂಜನಾದ್ರಿ ಬುಡದ ಹನುಮನಹಳ್ಳಿಯಂಥ ಊರಿಗೆ ಯಾತ್ರಿಕರು, ಪ್ರವಾಸಿಗರು ಬರುತ್ತಾರೆ. ಸಕ್ಕರೆ ಕಾಯಿಲೆಯ ಸೂಜಿ, ಗಾಯದ ಪಟ್ಟಿ ಮನೆಮನೆಯಲ್ಲೂ ಹುಟ್ಟುತ್ತವೆ. ಅವು ಸೇರುವುದು ಊರಿನ ಕಸಕ್ಕೆ. ಆ ಕಸದಲ್ಲಿ ಕೈ ಹಾಕುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಸಾಮೂಹಿಕ ಸಂಸ್ಕರಣಾ ಘಟಕ ಎಟುಕದ ಹಳ್ಳಿಗಾಡಿನಲ್ಲಿ ಆಸ್ಪತ್ರೆಯ ಕಸಕ್ಕೆ ಆಳದ ಗುಂಡಿಯನ್ನು ನಿಯಮ ಒಪ್ಪುತ್ತದೆ: ಸುಮಾರು ಎರಡು ಮೀಟರ್ ಆಳ, ಅರ್ಧ ಕಸ, ಮೇಲೆ ಸುಣ್ಣ, ಮಣ್ಣು. ಗುಂಡಿಯ ತಳದಿಂದ ಅಂತರ್ಜಲ ಆರು ಮೀಟರ್ ಕೆಳಗಿರಬೇಕು. ತುಂಗಭದ್ರೆಯ ನೀರು ನಿಂತ ಭತ್ತದ ಸೀಮೆಯಲ್ಲಿ ಅಂಥ ಒಣ ನೆಲ ಎಲ್ಲಿ ಹುಡುಕುವುದು? ಜನವಸತಿಯಿಂದ ದೂರ ಇರಬೇಕು ಎಂದೂ ನಿಯಮ ಹೇಳುತ್ತದೆ. ಊರಿನಿಂದ ದೂರ ಎಂದಾಗ ಕೇರಿಗೆ ಹತ್ತಿರ ಎಂದೇ ಅರ್ಥ ಮಾಡಿದ ಇತಿಹಾಸ ನಮ್ಮದು. ಕೇರಿಯೂ ಜನವಸತಿಯೇ ಎಂದು ಅಳತೆ ಟೇಪು ಹಿಡಿದವನಿಗೆ ಹೇಳುವವರು ಯಾರು?

ನಾವೇ ಹೇಳಬೇಕು. ಹಳ್ಳಿಯ ಮೇಷ್ಟರು, ವಿದ್ಯಾರ್ಥಿಗಳು ಗ್ರಾಮಸಭೆಯಲ್ಲಿ ಎದ್ದು ಕೇಳಲಿ: ಕಸ ಎತ್ತುವವರಿಗೆ ಲಸಿಕೆ ಆಗಿದೆಯೆ? ಸೂಜಿಗೆ ಬೇರೆ ಡಬ್ಬಿ ಇದೆಯೆ? ಗುಂಡಿ ತೋಡುವುದಾದರೆ ಯಾರ ಮನೆಯ ಹಿಂದೆ? ಕಾಯಿದೆ ನಮ್ಮ ಕಡೆ ನಿಂತು ಮಾತಾಡುವುದಿಲ್ಲ. ಅದನ್ನು ಮಾತಾಡಿಸಬೇಕು. ಕೊಳಕು ಮಾಡಿದವನದೇ ಕೊಳಕು ಎಂಬ ಅದರ ಒಂದು ಸಾಲು ಊರಲ್ಲಿ ನಿಜವಾದ ದಿನ ಮೈಲಿಗೆಯ ಬೇರು ಸಡಿಲಾಗುತ್ತದೆ.