ಅಂಪೈರ್ ಇಲ್ಲದ ಆಟ



ನಮ್ಮಲ್ಲಿ ಬಹುಪಾಲು ಮಂದಿ ಕ್ರಿಕೆಟ್ ಆಡಿ, ನೋಡಿ ಬೆಳೆದವರು. ಊರಿನ ಗಲ್ಲಿಯಲ್ಲಿ ಔಟೋ ಅಲ್ಲವೋ ಎಂದು ಅರ್ಧ ಸಂಜೆ ಜಗಳದಲ್ಲೇ ಕಳೆದ ಅನುಭವ ಯಾರಿಗಿಲ್ಲ ಹೇಳಿ? ಚೆಂಡು ಬ್ಯಾಟಿನ ಅಂಚಿಗೆ ತಗುಲಿದ್ದು ಆಡುವವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಅವನು ಅಂಪೈರ್ ಮುಖ ನೋಡುತ್ತಾನೆ. ಬೆರಳು ಮೇಲೇಳದಿದ್ದರೆ ಮತ್ತೆ ಗಾರ್ಡ್ ತೆಗೆದುಕೊಂಡು ನಿಲ್ಲುತ್ತಾನೆ. ನಾವ್ಯಾರೂ ಅದನ್ನು ಮೋಸ ಎನ್ನುವುದಿಲ್ಲ. ತೀರ್ಪು ಕೊಡುವುದು ಅಂಪೈರ್ ಕೆಲಸ, ಅಷ್ಟೆ.

ಅದಕ್ಕೇ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಫೆಬ್ರವರಿಯಲ್ಲಿ ಮಾಡಿದ್ದು ಇಂದಿಗೂ ಕಥೆಯಾಗಿ ಉಳಿದಿದೆ. ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡಿನ ಐದು ವಿಕೆಟ್ 58 ರನ್ನಿಗೆ ಬಿದ್ದಿದ್ದವು. ಅಂಪೈರ್ ಔಟ್ ಎಂದಿದ್ದ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಅಂಪೈರ್ ಇರುವ ಆಟದಲ್ಲಿ ಆಟಗಾರನೇ ಸತ್ಯ ಹೇಳಿದರೆ ಅದು ನಲವತ್ತು ವರ್ಷ ಕಳೆದರೂ ಮರೆಯದ ಸುದ್ದಿಯಾಗುತ್ತದೆ ಎಂಬುದನ್ನು ಗಮನಿಸಿ.

ಈಗ ಅಂಪೈರೇ ಇಲ್ಲದ ಒಂದು ಆಟದ ಮಾತು. ಕಳೆದ ಚಳಿಗಾಲದ ಒಂದು ಶುಕ್ರವಾರ, ಸಹೋದ್ಯೋಗಿಯೊಬ್ಬರ ಆಹ್ವಾನದ ಮೇಲೆ ಇಲ್ಲಿನ ಹವ್ಯಾಸಿಗಳ ಗಾಲ್ಫ್ ಸೊಸೈಟಿಯೊಂದರ ಜೊತೆ ಒಂದು ದಿನ ಕಳೆದೆ. ಸೊಸೈಟಿ ಎಂದರೆ ದೊಡ್ಡ ಸಂಸ್ಥೆಯೇನಲ್ಲ. ನಮ್ಮ ಸಂಘಕ್ಕೆ ಸ್ವಂತ ಕಟ್ಟಡವಿಲ್ಲದ ಹಾಗೆ ಅವರಿಗೆ ಸ್ವಂತ ಮೈದಾನವಿಲ್ಲ. ತಿಂಗಳಿಗೊಮ್ಮೆ ಸೇರುತ್ತಾರೆ, ಹಣ ಒಟ್ಟು ಹಾಕಿ ಆಡುತ್ತಾರೆ, ಗೆದ್ದವರಿಗೆ ಒಂದು ಡಬ್ಬಿ ಚೆಂಡು ಕೊಡುತ್ತಾರೆ, ಊಟ ಮಾಡಿ ಮನೆಗೆ ಹೋಗುತ್ತಾರೆ. ಒಮಾನಿಗಳು, ಇಂಗ್ಲಿಷರು, ದಕ್ಷಿಣ ಆಫ್ರಿಕದವರು, ನಮ್ಮ ಕಡೆಯವರು ಎಲ್ಲರೂ ಇದ್ದರು.

ಹಿರಿಯ ಸದಸ್ಯರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಮಸ್ಕತ್ತಿನ ಗಾಲ್ಫ್ ಎಂದರೆ ಬರೀ ಮರಳು. ಘಾಲಾದಲ್ಲೂ ಹಾಗೆಯೇ ಇತ್ತು. ಹುಲ್ಲಿನ 'ಗ್ರೀನ್' ಇರಬೇಕಾದ ಜಾಗದಲ್ಲಿ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಮರಳಿನ 'ಬ್ರೌನ್'. ಆಟಗಾರ ಕೃತಕ ಹುಲ್ಲಿನ ಚಿಕ್ಕ ಚಾಪೆ ಹಿಡಿದು ನಡೆದು, ಚೆಂಡು ಬಿದ್ದಲ್ಲಿ ಅದನ್ನು ಹಾಸಿಕೊಂಡು ಹೊಡೆಯಬೇಕಿತ್ತು. 2009ರಲ್ಲಿ ಮಸ್ಕತ್ ಹಿಲ್ಸ್‌ನಲ್ಲಿ 18 ಕುಳಿಗಳ ಹಸಿರು ಮೈದಾನ ಬಂತು. 2012ರಲ್ಲಿ ಗ್ರೆಗ್ ನಾರ್ಮನ್ ವಿನ್ಯಾಸ ಮಾಡಿದ ಅಲ್ ಮೌಜ್ ಕಡಲ ದಂಡೆಯಲ್ಲಿ ತೆರೆಯಿತು. ಘಾಲಾ ಕೂಡ ಹಸಿರಾಯಿತು. ಹಳಬರೊಬ್ಬರು ನಕ್ಕು ಹೇಳಿದರು: "ಮರಳಿನಲ್ಲಿ ಮೋಸ ಕಷ್ಟವಾಗಿತ್ತು. ಹೆಜ್ಜೆ ಗುರುತೇ ಸಾಕ್ಷಿ ಹೇಳುತ್ತಿತ್ತು. ಹುಲ್ಲಿಗೆ ನೆನಪಿನ ಶಕ್ತಿ ಇಲ್ಲ!"

ಆಟದ ಮಧ್ಯೆ ನಡೆದದ್ದು ಬಹಳ ಸಣ್ಣ ಸಂಗತಿ. ನಮ್ಮ ಗುಂಪಿನ ನಾಲ್ವರಲ್ಲಿ ಒಬ್ಬರು, ನಿವೃತ್ತಿಯ ಅಂಚಿನಲ್ಲಿದ್ದ ಎಂಜಿನಿಯರ್, ಚೆಂಡು ಹುಡುಕಿಕೊಂಡು ಜಾಲಿ ಪೊದೆಗಳ ಆಚೆ ಹೋದರು. ನಾವು ಮೂವರೂ ಬೇರೆ ಬೇರೆ ದಿಕ್ಕಿನಲ್ಲಿದ್ದೆವು. ಸ್ವಲ್ಪ ಹೊತ್ತಿಗೆ ಚೆಂಡು ಹಾರಿ ಬಂತು, ಹಿಂದೆಯೇ ಅವರೂ ಬಂದರು. "ಕೋಲು ಹಿಂದಿಟ್ಟಾಗ ಚೆಂಡು ಉರುಳಿತು, ನನಗೆ ಒಂದು ಹೊಡೆತ ಸೇರಿಸಿ" ಎಂದರು. ಕಾರ್ಡ್ ಹಿಡಿದವರು ಸೇರಿಸಿದರು. ಯಾರೂ ಶಹಬ್ಬಾಸ್ ಅನ್ನಲಿಲ್ಲ. ಕೊನೆಯಲ್ಲಿ ಅವರು ಪಟ್ಟಿಯ ಮಧ್ಯದಲ್ಲೆಲ್ಲೋ ಇದ್ದರು. ಆ ಒಂದು ಹೊಡೆತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಏನೂ ಬದಲಾಗದಿದ್ದ ಮೇಲೆ ಹೇಳಿದ್ದೇಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಗಾಲ್ಫ್ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಉದಾಹರಣೆಗಳಿವೆ. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಇದೇ ರೀತಿ, ಬೇರೆ ಯಾರೂ ನೋಡದಿದ್ದಾಗ, ಚೆಂಡು ಅಲುಗಿತೆಂದು ತನಗೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡರು. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮಬಲವಾಗಿ, ನಿರ್ಣಾಯಕ ಆಟದಲ್ಲಿ ಒಂದೇ ಹೊಡೆತದಿಂದ ಸೋತರು. ಜನ ಹೊಗಳಿದಾಗ, ಬ್ಯಾಂಕ್ ದರೋಡೆ ಮಾಡಲಿಲ್ಲವೆಂದು ನನ್ನನ್ನು ಹೊಗಳುತ್ತೀರಾ ಎಂಬ ಅರ್ಥದ ಮಾತು ಹೇಳಿದರೆಂದು ಪ್ರಸಿದ್ಧಿ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅವರ ಕಥೆ ಇನ್ನೂ ಕಠಿಣ. ಅವರು 17ನೇ ಕುಳಿಯನ್ನು 3 ಹೊಡೆತದಲ್ಲಿ ಮುಗಿಸಿದ್ದರು. ಲೆಕ್ಕ ಬರೆಯುತ್ತಿದ್ದ ಸಹ ಆಟಗಾರ 4 ಎಂದು ಬರೆದರು. ಇವರು ನೋಡದೆ ಸಹಿ ಹಾಕಿದರು. ಸಾವಿರಾರು ಮಂದಿ ಕಣ್ಣಾರೆ ಕಂಡಿದ್ದರೂ ಸಹಿ ಮಾಡಿದ ಅಂಕವೇ ನಿಂತಿತು. ಸಮಬಲವಾಗಿ ಮತ್ತೆ ಆಡುವ ಅವಕಾಶ ಕೈತಪ್ಪಿ, ಬಾಬ್ ಗೋಲ್ಬಿ ಗೆದ್ದರು. ಅದು ವಿಸೆಂಜೊ ಅವರ 45ನೇ ಹುಟ್ಟುಹಬ್ಬದ ದಿನ. ನಿನ್ನ ಲೆಕ್ಕಕ್ಕೆ ನೀನೇ ಹೊಣೆ ಎಂಬುದನ್ನು ಈ ಆಟ ಅಷ್ಟು ಗಂಭೀರವಾಗಿ ತೆಗೆದುಕೊಂಡಿದೆ.

ನಮ್ಮ ಮಕ್ಕಳಿಗೆ ಜೋನ್ಸ್ ಗೊತ್ತಿಲ್ಲದಿರಬಹುದು, ಕನಕದಾಸರ ಬಾಳೆಹಣ್ಣು ಗೊತ್ತು. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಹಣ್ಣು ಕೊಟ್ಟರು. ಉಳಿದವರು ಬಾಗಿಲ ಹಿಂದೆ, ಮರದ ಮರೆಯಲ್ಲಿ ತಿಂದು ಬಂದರು. ಕನಕ ಹಣ್ಣನ್ನು ಹಾಗೆಯೇ ತಂದಿಟ್ಟ. ದೇವರು ನೋಡದ ಜಾಗ ಸಿಗಲಿಲ್ಲ ಎಂದ. ಭಕ್ತಿಯುಳ್ಳವರಿಗೆ ಇಷ್ಟು ಉತ್ತರ ಸಾಕು. ಆದರೆ ಆ ಎಂಜಿನಿಯರ್ ದೇವರ ಹೆಸರೆತ್ತಲಿಲ್ಲ. ಅವರಿಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ ನಾನು ಕೇಳಲೂ ಇಲ್ಲ. ಕಥೆಯನ್ನು ಇನ್ನೊಂದು ರೀತಿಯಲ್ಲೂ ಓದಬಹುದು: ಯಾರೂ ನೋಡದ ಜಾಗ ಹುಡುಕಿ ಹೋದರೂ ಅಲ್ಲಿ ಕನಕನಂತೂ ಇರುತ್ತಾನಲ್ಲ! ನೋಡುವವನನ್ನು ಮನೆಯಲ್ಲಿ ಬಿಟ್ಟು ಹೋಗಲು ಸಾಧ್ಯವಿಲ್ಲ. ಮನಸ್ಸಾಕ್ಷಿ ಎಂಬ ಪದದಲ್ಲೇ ಸಾಕ್ಷಿ ಕುಳಿತಿದ್ದಾನೆ.

ಇದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ನ್ಯಾಯವಾದವೇ.

ಮೊದಲನೆಯದು: ಆಟದಲ್ಲಿ ಸತ್ಯ ಹೇಳುವುದು ಸುಲಭ, ಕಳೆದುಕೊಳ್ಳಲು ಏನಿದೆ? ಮೈದಾನದಲ್ಲಿ ಅರ್ಧ ಇಂಚಿಗೆ ದಂಡ ಹಾಕಿಕೊಳ್ಳುವವನೇ ಭಾನುವಾರ ಆಫೀಸಿನಲ್ಲಿ ಬಿಲ್ ತಿದ್ದಬಹುದಲ್ಲ? ತಿದ್ದಬಹುದು. ಅಂಥವರು ಎಲ್ಲ ದೇಶದಲ್ಲೂ ಇದ್ದಾರೆ. ಆಟದ ಸತ್ಯ ತಾನಾಗಿ ಬಾಳಿಗೆ ಹರಿದು ಬರುತ್ತದೆಂದು ನಾನು ಹೇಳುವುದಿಲ್ಲ. ಆದರೆ ಗರಡಿಯನ್ನು ನೆನೆಸಿಕೊಳ್ಳಿ. ಅಲ್ಲಿನ ಮಣ್ಣಿನಲ್ಲಿ ಶತ್ರುವಿಲ್ಲ, ಯುದ್ಧವಿಲ್ಲ. ಆದರೂ ದಿನಾ ಸಾಮು ಮಾಡಿದವನ ತೋಳು ಬಲಿಯುತ್ತದೆ. ಒಳ್ಳೆಯ ಕೆಲಸ ಮಾಡುತ್ತಾ ಮಾಡುತ್ತಾ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ಅರಿಸ್ಟಾಟಲ್ ಹೇಳಿದ್ದೂ ಇದನ್ನೇ. ಸಣ್ಣ ನಷ್ಟದ ಎದುರು ಸತ್ಯ ಹೇಳಿ ಅಭ್ಯಾಸವಿಲ್ಲದವನಿಗೆ ದೊಡ್ಡ ನಷ್ಟದ ಎದುರು ನಾಲಿಗೆ ಏಳುವುದು ಬಹಳ ಕಷ್ಟ.

ಎರಡನೆಯದು ಇನ್ನೂ ಭಾರವಾದದ್ದು. ಗಾಲ್ಫ್ ಉಳ್ಳವರ ಆಟ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಆದರೆ ನಮ್ಮ ಸಾಮಾನ್ಯ ಜನ ಮೈದಾನದೊಳಗೆ ಕಾಲಿಟ್ಟಿದ್ದು ಹೆಚ್ಚಾಗಿ ಬ್ಯಾಗು ಹೊರುವ ಕ್ಯಾಡಿಗಳಾಗಿ. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟದ್ದು ಅದಕ್ಕೇ. ಹೊಟ್ಟೆ ತುಂಬಿದವನ ಪ್ರಾಮಾಣಿಕತೆಗೂ, ಸಂಬಳ ತಡವಾದ ತಿಂಗಳಲ್ಲಿ ಓವರ್‌ಟೈಮ್ ಗಂಟೆಗಳನ್ನು ಇದ್ದಷ್ಟೇ ಬರೆದುಕೊಡುವ ಕಾರ್ಮಿಕನ ಪ್ರಾಮಾಣಿಕತೆಗೂ ಒಂದೇ ತೂಕವೇ?

ಇಲ್ಲ. ವಿಚಿತ್ರವೆಂದರೆ ಇದಕ್ಕೆ ಅಳತೆಗೋಲನ್ನು ಅದೇ ಆಟ ಕೊಡುತ್ತದೆ, ಅದೇ ಹ್ಯಾಂಡಿಕ್ಯಾಪ್. ದುರ್ಬಲ ಆಟಗಾರನಿಗೆ ಇಷ್ಟು ಹೊಡೆತ ರಿಯಾಯಿತಿ ಎಂಬ ಲೆಕ್ಕ ಅದು. 2020ರಲ್ಲಿ ಬಂದ ವಿಶ್ವ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ನ್ನು ಹಿಡಿದು ಇದನ್ನು ಲೆಕ್ಕ ಹಾಕುತ್ತಾರೆ, ಗರಿಷ್ಠ 54. ಎಲ್ಲರೂ ಸಮಾನವಾಗಿ ಆಡಲಾರರು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡು, ಎಲ್ಲರೂ ಒಟ್ಟಿಗೆ ಆಡುವ ದಾರಿ ಇದು. ಸತ್ಯಕ್ಕೂ ಹೀಗೊಂದು ಹ್ಯಾಂಡಿಕ್ಯಾಪ್ ಇದ್ದಿದ್ದರೆ, ಆ ಕಾರ್ಮಿಕನ ಒಂದು ನಿಜದ ಮುಂದೆ ನಮ್ಮ ಹತ್ತು ನಿಜಗಳು ಸಮವಾಗುತ್ತಿದ್ದವೋ ಏನೋ. ಅನುಕೂಲವಂತರು ಪ್ರಾಮಾಣಿಕರಾಗಿರುವುದು ಹೆಗ್ಗಳಿಕೆಯಲ್ಲ, ಕನಿಷ್ಠ ಬಾಡಿಗೆ.

ಇನ್ನು ನಾವು ಬದುಕುತ್ತಿರುವ ಈ ನಾಡನ್ನೇ ನೋಡಿ. ನಿಜ್ವಾಕ್ಕೆ ಪಿಕ್ನಿಕ್ ಹೋದಾಗ ಫಲಜ್ ದಾರಿಸ್‌ನಲ್ಲಿ ಕಾಲು ಇಳಿಬಿಟ್ಟು ಕುಳಿತವರು ನಮ್ಮಲ್ಲಿ ಬಹಳ ಮಂದಿ. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಐದು ಫಲಜ್‌ಗಳಲ್ಲಿ ಅದೂ ಒಂದು. ಅಲ್ಲಿ ನೀರನ್ನು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಸುಮಾರು ಅರ್ಧ ಗಂಟೆಯ ಒಂದು ಪಾಲಿಗೆ 'ಅಥರ್' ಎನ್ನುತ್ತಾರೆ. ಹಗಲು ನೆಟ್ಟ ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಾಯಿಸುತ್ತಿದ್ದರು. ನಟ್ಟಿರುಳಿನಲ್ಲಿ ಒಬ್ಬ ತನ್ನ ಕಡೆಯ ತೂಬನ್ನು ಸ್ವಲ್ಪ ತಡವಾಗಿ ಮುಚ್ಚಿದರೆ ಪಕ್ಕದವನ ಖರ್ಜೂರದ ಗಿಡ ಒಣಗುತ್ತದೆ. ಇಲ್ಲಿ ಪಣಕ್ಕಿದ್ದದ್ದು ಚೆಂಡಿನ ಡಬ್ಬಿಯಲ್ಲ, ಅನ್ನ. ಹಾಗೆಂದು ಅವರು ಬರೀ ನಂಬಿಕೆಯ ಮೇಲೆ ಬಿಟ್ಟವರೂ ಅಲ್ಲ. ವಕೀಲ್ ಎಂಬ ಮೇಲ್ವಿಚಾರಕ, ಅವನ ಕೈಕೆಳಗೆ ಅರೀಫ್ ಎಂಬ ಸರದಿ ನೋಡುವವ ಇರುತ್ತಾನೆ. ದೊಡ್ಡ ವಿಷಯಕ್ಕೆ ಕಾವಲು ಬೇಕೆಂಬುದನ್ನು ಅವರು ಬಲ್ಲರು. ಆದರೆ ಎಲ್ಲ ತೂಬಿಗೂ ಎಲ್ಲ ರಾತ್ರಿಯೂ ಕಾವಲು ಹಾಕಲು ಯಾವ ಊರಿಗೂ ಆಗದು. ಕಾವಲು ಮುಗಿಯುವಲ್ಲಿಂದ ಮುಂದಿನ ನೀರು ಮನುಷ್ಯನ ಮಾತಿನ ಮೇಲೆ ಹರಿಯುತ್ತದೆ.

ನಮ್ಮ ಬಾಳಿನಲ್ಲೂ ಸ್ಕೋರ್‌ಕಾರ್ಡ್ ನಮ್ಮ ಕೈಗೇ ಕೊಡುವ ಜಾಗಗಳು ಇವೆ. ರಜೆಗೆ ಹೋಗುವಾಗ ಮಂಗಳೂರು, ಬೆಂಗಳೂರು ವಿಮಾನ ನಿಲ್ದಾಣದ ಗ್ರೀನ್ ಚಾನೆಲ್ ಅಂಥದ್ದು. ಆ ಬಾಗಿಲಲ್ಲಿ ನಡೆದು ಹೋಗುವುದೇ ಸುಂಕ ಕಟ್ಟುವಂಥದ್ದು ಏನೂ ಇಲ್ಲವೆಂದು ಸಹಿ ಹಾಕಿದ ಹಾಗೆ. ಅಮ್ಮನ ಕೈಯಲ್ಲಿ ಎಷ್ಟು ಬಳೆ, ಏಕೆ ಸೆರಗು ಹೊದ್ದಿದ್ದಾಳೆ ಎಂಬುದು ಪಕ್ಕದಲ್ಲಿ ನಡೆಯುವ ಎಂಟು ವರ್ಷದ ಮಗುವಿಗೆ ತಿಳಿಯುವುದಿಲ್ಲವೆಂದು ಭಾವಿಸಬೇಡಿ. ಮನೆಗೆ ಫೋನ್ ಬಂದಾಗ "ಅಪ್ಪ ಇಲ್ಲ ಅಂತ ಹೇಳು ಮರಿ" ಎಂದರೆ, ಮಗು ಹೇಳುತ್ತದೆ. ಹೇಳಿದ್ದನ್ನು ಕಲಿಯುತ್ತದೆ ಕೂಡ.

ಎಲ್ಲ ಸಂಘಗಳ ಕ್ರೀಡಾಕೂಟದಲ್ಲೂ ನಿಂಬೆಹಣ್ಣು–ಚಮಚದ ಓಟ ಇರುತ್ತದೆ. ಹಣ್ಣಿಗೆ ಹೆಬ್ಬೆರಳು ಒತ್ತಿಕೊಂಡು ಓಡುವ ಮಗುವನ್ನು ನಾವೆಲ್ಲ ಕಂಡಿದ್ದೇವೆ. ಗೆರೆಯ ಪಕ್ಕ ನಿಂತು "ಹಾಗೇ ಹಿಡ್ಕೋ, ಯಾರೂ ನೋಡ್ತಿಲ್ಲ" ಎಂದು ಪಿಸುಗುಟ್ಟುವ ಹಿರಿಯರನ್ನೂ ಕಂಡಿದ್ದೇವೆ. ಆಮೇಲೆ ಬಹುಮಾನಕ್ಕಾಗಿ ತೀರ್ಪುಗಾರರ ಸುತ್ತ ನಡೆಯುವ ವಾದ ಬೇರೆ. ಬಹುಮಾನ ಒಂದು ಪೆನ್ಸಿಲ್ ಬಾಕ್ಸ್.

ಹಾಗಾಗಿ ಕಾರ್ಯಕಾರಿ ಸಮಿತಿಗೆ ನನ್ನದೊಂದು ವಿನಂತಿ. ಮುಂದಿನ ಕ್ರೀಡಾಕೂಟದಲ್ಲಿ ಮಕ್ಕಳ ಈ ಒಂದು ಓಟವನ್ನು ತೀರ್ಪುಗಾರರಿಲ್ಲದೆ ನಡೆಸೋಣ. ಗೆರೆ ಮುಟ್ಟಿದ ಪ್ರತಿ ಮಗುವೂ ತಾನೇ ಹೇಳಲಿ: ಹಣ್ಣು ಎಷ್ಟು ಸಲ ಬಿತ್ತು, ಬೆರಳು ತಾಗಿತೇ. ಹೇಳಿದ್ದನ್ನೇ ಬರೆದುಕೊಳ್ಳೋಣ. ಯಾವುದಾದರೂ ಮಗು ಸುಳ್ಳು ಹೇಳುತ್ತದೆ, ಬಹುಮಾನವೂ ಅದಕ್ಕೇ ಹೋಗಬಹುದು. ಗಾಲ್ಫ್‌ನಲ್ಲೂ ಚೆಂಡನ್ನು ಕಾಲಿನಿಂದ ಸರಿಸುವವರು ಇದ್ದೇ ಇದ್ದಾರೆ. ಒಂದು ಪೆನ್ಸಿಲ್ ಬಾಕ್ಸ್ ನಷ್ಟವಾಗಲಿ. ಆದರೆ "ಎರಡು ಸಲ ಬಿತ್ತು ಅಂಕಲ್" ಎಂದು ಯಾರೂ ಕೇಳದೆ ಹೇಳುವ ಮಗುವೂ ಒಂದಿರುತ್ತದೆ. ಆಗ ಗೆರೆಯ ಪಕ್ಕದಲ್ಲಿ ನಿಂತ ನಾವು ಹಿರಿಯರು ಮಾಡಬೇಕಾದದ್ದು ಇಷ್ಟೇ: ಚಪ್ಪಾಳೆ ತಟ್ಟುವುದೂ ಬೇಡ, ಪೆದ್ದು ಎನ್ನುವುದೂ ಬೇಡ, ಎರಡು ಎಂದು ಬರೆದುಕೊಂಡು, ಮುಂದಿನ ಮಗುವನ್ನು ಕರೆಯೋಣ.