ಅವ್ವನ ಹುಂಜ ಮತ್ತು ಯಾಕೆ ಎಂಬ ಪ್ರಶ್ನೆ

ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಹಿಂಜವಡಿಯ ಆಫೀಸಿನಲ್ಲಿ ವಾರದ ಮೊದಲ ಮೀಟಿಂಗ್ ನಡೆದಿರುವಾಗ ಅವ್ವನ ವಿಡಿಯೊ ಕಾಲ್ ಬಂತು. ಆ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ ಅವಳು. ಹೊರಗೆ ಬಂದು ಎತ್ತಿದರೆ ಪರದೆಯ ತುಂಬ ಹಿತ್ತಲ ನೆಲ, ಅದರ ನಡುವೆ ನಮ್ಮ ಕೆಂಪು ಹುಂಜ. ಎರಡು ಹೆಜ್ಜೆ ಇಟ್ಟಿತು, ಎಡಕ್ಕೆ ವಾಲಿತು, ರೆಕ್ಕೆ ಊರಿ ಕೂತುಬಿಟ್ಟಿತು. ಕಣ್ಣು ಅರ್ಧ ಮುಚ್ಚಿತ್ತು. "ಕುಡದವರಂಗ ತೂರಾಡಾಕತ್ತೈತಿ ನೋಡು. ಮುಂಜಾನೆ ಕೂಗಲೂ ಇಲ್ಲ" ಎಂದಳು ಅವ್ವ.

ರಾಣೆಬೆನ್ನೂರಿನ ಕಡೆಯ ನಮ್ಮೂರಿನಲ್ಲಿ ಅವ್ವ ಒಬ್ಬಳೇ ಇರುವುದು. ಅಪ್ಪ ಹೋಗಿ ಮೂರು ವರ್ಷವಾಯಿತು. ಎಂಟು ಹೇಂಟೆ, ಒಂದು ಹುಂಜ, ದಿನಕ್ಕೆರಡು ಸಲ ಬಂದು ಕಟ್ಟೆಯ ಮೇಲೆ ಕೂತುಹೋಗುವ ಬಾಜೂ ಮನೆಯ ಕಾಕಾ, ಇಷ್ಟು ಅವಳ ಸಂಸಾರ. ಪುಣೆಗೆ ಬಾ ಎಂದಾಗಲೆಲ್ಲ "ಕೋಳಿ ಯಾರು ನೋಡ್ತಾರ?" ಎನ್ನುತ್ತಾಳೆ. ಅದು ನೆಪ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಿನ ತಪ್ಪು ಹುಡುಕಿಸುವುದನ್ನೇ ಕಸುಬು ಮಾಡಿಕೊಂಡವನು ನಾನು. ಹುಂಜದ ಕಾಯಿಲೆಯನ್ನೂ ಹಾಗೆಯೇ ಹಿಡಿದುಕೊಂಡೆ. ಮೊದಲ ಅನುಮಾನ ರಾಣಿಖೇತ್, ಕನ್ನಡದಲ್ಲಿ ಕೊಕ್ಕರೆ ರೋಗ. ಅದಾದರೆ ಹಸಿರು ಹಿಕ್ಕೆ, ಏದುಸಿರು, ಸೊಟ್ಟ ಕುತ್ತಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಬಿದ್ದರೆ ಮರುದಿನ ನಾಲ್ಕು ಬೀಳಬೇಕು. ಹೇಂಟೆಗಳೆಲ್ಲ ಆರಾಮವಾಗಿ ಕೆದರುತ್ತಿದ್ದವು. ಎರಡನೆಯದು ಮಾರೆಕ್ ರೋಗ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ಇದನ್ನು ಮೊದಲು ವಿವರಿಸಿದ್ದು ಕಾಲು ಬಿದ್ದುಹೋದ ನಾಲ್ಕು ಹುಂಜಗಳನ್ನು ನೋಡಿಯೇ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗುವುದು ಅದರ ಗುರುತು, ಸಾಮಾನ್ಯವಾಗಿ ಎಳೆಯ ಕೋಳಿಗಳಿಗೆ ಬರುವಂಥದ್ದು. ನಮ್ಮದಕ್ಕೆ ವಯಸ್ಸಾಗಿದೆ, ಎರಡೂ ಕಾಲು ಆಡುತ್ತಿವೆ.

ಮೂರನೆಯದು ಬಿ-ಒನ್ ಜೀವಸತ್ವದ ಕೊರತೆ. ಹಿತ್ತಲಲ್ಲಿ ಹುಳ, ಜೋಳ, ಸೊಪ್ಪು ಎಲ್ಲ ತಿನ್ನುವ ಹುಂಜಕ್ಕೆ ಅದು ಬರುವುದಿಲ್ಲ. ಆದರೆ ಇದರ ಹಿಂದಿನ ಕಥೆಯನ್ನು ಬಿಡಲಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಡಚ್ಚರ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ವೈದ್ಯ ಬೆರಿಬೆರಿ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದ. ಅವನ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ತೂರಾಡತೊಡಗಿದವು. ಕೆಲವು ತಿಂಗಳ ಮೇಲೆ ತಾವೇ ಸರಿಹೋದವು. ವಿಚಾರಿಸಿದರೆ ಗೊತ್ತಾದದ್ದು ಇಷ್ಟು: ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡುವುದಿಲ್ಲ ಎಂದು ಹಟ ಹಿಡಿದ. ಪಾಲಿಶ್ ಮಾಡದ ಅಕ್ಕಿ ತಿಂದು ಕೋಳಿಗಳು ಎದ್ದು ನಿಂತವು. ಬಿಳಿ ಅಕ್ಕಿಯ ಪಿಷ್ಟದಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಎಂದು ಐಕ್‌ಮನ್ ಭಾವಿಸಿದ. ವಿಷವಲ್ಲ, ಕೊರತೆ ಎಂದು 1901ರಲ್ಲಿ ಸರಿಯಾಗಿ ಹೇಳಿದವನು ಅವನ ನಂತರ ಅಲ್ಲಿ ಕೆಲಸ ಮಾಡಿದ ಗ್ರೈನ್ಸ್. 1929ರ ನೊಬೆಲ್ ಪಾಲು ಮಾತ್ರ ಐಕ್‌ಮನ್‌ಗೇ ಬಂತು. ಕಾರಣ ತಪ್ಪು, ಮದ್ದು ಸರಿ! ನಮ್ಮ ಕ್ಷೇತ್ರದಲ್ಲೂ ಹೀಗೆ ಬಡ್ತಿ ಪಡೆದವರಿದ್ದಾರೆ, ಇರಲಿ.

ಕೊನೆಗೆ ಉಳಿದದ್ದು ವಿಷ. ಹಿತ್ತಲ ಬೇಲಿ ಹಾರಿ ಆಚೆ ಹೋಗುವುದು ಹುಂಜವೊಂದೇ. ಬೇಲಿಯಾಚೆ ಕಾಕಾನ ಹೊಲ. ನನ್ನ ಲೆಕ್ಕ ಚುಕ್ತಾ ಆಯಿತು.

ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ನೆರಳಿನಲ್ಲಿಡಿ, ಬೇರೆ ಇಡಿ, ನೀರು ಕುಡಿಸಿ, ಇನ್ನೊಂದು ಬಿದ್ದರೆ ಕೂಡಲೇ ಹೇಳಿ ಎಂದರು. ಖಚಿತವಾಗಿ ತಿಳಿಯಬೇಕಲ್ಲ ಎಂದೆ. "ಖಚಿತ ಬೇಕಂದ್ರ ಕೊಯ್ದು ನೋಡಬೇಕ್ರಿ. ನಿಮಗ ಹುಂಜ ಬೇಕೋ, ಉತ್ತರ ಬೇಕೋ?" ಎಂದು ನಕ್ಕರು. ಆಫೀಸಿನಲ್ಲಿ ಸರ್ವರ್ ನಿಂತು ಮತ್ತೆ ಎದ್ದ ಮೇಲೆ ನಾವು ಮಾಡುವ ಮೀಟಿಂಗಿಗೂ ಪೋಸ್ಟ್‌ಮಾರ್ಟಂ ಎಂದೇ ಹೆಸರು. ಆ ಪದ ಅಷ್ಟು ಹಗುರವಲ್ಲ ಎಂದು ಅವತ್ತು ಅನ್ನಿಸಿತು.

ಆಮೇಲೆ ಕಾಕಾನಿಗೆ ಫೋನ್ ಮಾಡಿದೆ. ಕುಶಲ ಕೇಳಿದೆ, ಮಳೆ ಕೇಳಿದೆ, ಕಡೆಗೆ "ಬೇಲಿ ಕಡೆ ಏನರ ಔಷಧ ಹೊಡದಿದ್ರೇನು?" ಎಂದೆ. ಒಂದು ಗಳಿಗೆ ಸದ್ದಿಲ್ಲ. "ಇಲ್ಲಪ್ಪ" ಎಂದರು. ನಾನು ಹುಂಜದ ಮಾತನ್ನೇ ಎತ್ತಿರಲಿಲ್ಲ. ಎತ್ತದೆ ಇದ್ದದ್ದರಿಂದಲೇ ಅವರಿಗೆ ಎಲ್ಲ ತಿಳಿದುಹೋಗಿತ್ತು.

ರಾತ್ರಿ ಅವ್ವ ಬೈದಳು. "ಯಾಕ ಅಂತ ತಿಳಿದ್ರ ಅದು ಎದ್ದು ನಿಂದ್ರತೈತೇನು?" ಎಂದಳು. ಉಳಿದ ಕೋಳಿಗಳ ಸಲುವಾಗಿ ತಿಳಿಯಬೇಕಲ್ಲ ಎಂದೆ. ಅದು ಸುಳ್ಳೇನಲ್ಲ, ರಾಣಿಖೇತ್ ಆಗಿದ್ದರೆ ಓಣಿಯ ಕೋಳಿಗಳೆಲ್ಲ ಹೋಗುತ್ತಿದ್ದವು. ತಿಳಿಯದೆ ಸುಮ್ಮನಿರುವುದೂ ಒಂದು ತಪ್ಪೇ ಎಂದು ಈಗಲೂ ನಂಬುತ್ತೇನೆ. ಆದರೆ ಅವಳು ಮುಂದೆ ಹೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ಕೋಳಿ ಸಲುವಾಗಿ ಕೇಳಿದ್ರ ಏನು ಬಿತ್ತು ಅಂತ ಕೇಳ್ತಿದ್ದಿ. ನೀ ಯಾರು ಹಾಕಿದ್ರು ಅಂತ ಕೇಳಿದಿ. ನೀ ಕೇಳಿ ಪುಣೆದಾಗ ಇರ್ತಿ. ಅವರ ಜೋಡಿ ಬಾಳೇವು ಮಾಡಾಕಿ ನಾನು."

ಹುಂಜ ಸಾಯಲಿಲ್ಲ. ಐದನೇ ದಿನ ಎದ್ದು ನಿಂತಿತು. ಗಣೇಶ ಚೌತಿಗೆ ನಾನು ಊರಿಗೆ ಹೋದಾಗ ಓಡಾಡುತ್ತಿತ್ತು, ತಿರುಗುವಾಗ ಮಾತ್ರ ಸಣ್ಣಗೆ ಓಲುತ್ತಿತ್ತು. ಕಾಕಾ ಚಹಾಕ್ಕೆ ಬರಲಿಲ್ಲ. ಫೋನ್ ಮಾಡಿದ ದಿನದಿಂದ ಅವರು ನಮ್ಮ ಕಟ್ಟೆಗೆ ಬಂದಿಲ್ಲವೆಂದು ಅವ್ವ ಹೇಳಲಿಲ್ಲ, ನಾನೇ ತಿಳಿದುಕೊಂಡೆ.

ಸಂಜೆ ಬೇಲಿಯಾಚೆ ನಮ್ಮ ತಿಪ್ಪೆಯ ಕಡೆ ಹೋದೆ. ಮೂಲೆಯಲ್ಲಿ ಮಣ್ಣು ಹೊಸದಾಗಿ ಅಗೆದು ಮುಚ್ಚಿದಂತಿತ್ತು. ಪಕ್ಕದಲ್ಲಿ ಹರಿದ ಒಂದು ಪಾಕೀಟು, ಅದರ ಮಡಿಕೆಯಲ್ಲಿ ಸಿಕ್ಕಿಕೊಂಡ ನಾಲ್ಕು ಗೋವಿನಜೋಳದ ಕಾಳು, ಗುಲಾಬಿ ಬಣ್ಣದವು. ಪಂಚಮಿಗೆ ಬಂದಾಗ ಅಟ್ಟ ಸ್ವಚ್ಛ ಮಾಡಿದವನು ನಾನು. ಅಪ್ಪ ಬಿತ್ತಿ ಉಳಿಸಿದ್ದ ಬೀಜದ ಚೀಲವನ್ನು ಬಿಚ್ಚಿಯೂ ನೋಡದೆ ತಿಪ್ಪೆಗೆ ಎಸೆದವನೂ ನಾನೇ. ಔಷಧ ಲೇಪಿಸಿದ ಬೀಜವನ್ನು ಯಾರೂ ತಿನ್ನಬಾರದೆಂದೇ ಬಣ್ಣ ಹಾಕಿರುತ್ತಾರೆ. ಹುಂಜಕ್ಕೆ ಆ ಬಣ್ಣದ ಅರ್ಥ ಯಾರು ಹೇಳಬೇಕು?

ಟೊಯೋಟಾ ಕಾರ್ಖಾನೆಯಿಂದ ನಮ್ಮ ಕ್ಷೇತ್ರಕ್ಕೆ ಬಂದ ಒಂದು ಪದ್ಧತಿ ಇದೆ, ಐದು ಸಲ ಯಾಕೆ ಎಂದು ಕೇಳುವುದು. ತಿಪ್ಪೆಯ ಹತ್ತಿರ ನಿಂತು ನನ್ನ ಮನಸ್ಸು ಅದನ್ನು ಎಷ್ಟು ಚುರುಕಾಗಿ ನಡೆಸಿತೆಂದರೆ ನನಗೇ ನಾಚಿಕೆಯಾಯಿತು. ನಾನು ಯಾಕೆ ನೋಡದೆ ಎಸೆದೆ? ರಜೆ ಎರಡೇ ದಿನ. ಬೀಜಕ್ಕೆ ಅಷ್ಟು ವಿಷ ಯಾಕೆ? ಸೈನಿಕ ಹುಳು. ಅಮೆರಿಕ ಖಂಡದ ಆ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ. ಊರ ತುಂಬ ಗೋವಿನಜೋಳವೇ ಯಾಕೆ? ಮಾರುಕಟ್ಟೆ. ಇನ್ನೊಂದು ಹೆಜ್ಜೆ ಹಾಕಿದರೆ ನಾನು ಪೂರ್ತಿ ಖುಲಾಸೆ. ಕಾಕಾನ ವಿಷಯದಲ್ಲಿ ಮಾತ್ರ ನನ್ನ ಪ್ರಶ್ನೆ ಎರಡನೇ ಯಾಕೆಗೇ ನಿಂತಿತ್ತು, ಬೇಲಿಯ ಬಳಿ.

ಎರಡು ವರ್ಷದ ಹಿಂದೆ, ಒಂದು ಶನಿವಾರ ರಾತ್ರಿ ನಮ್ಮ ತಂಡದಿಂದ ಗ್ರಾಹಕರ ಬಿಲ್ಲುಗಳು ಎರಡೆರಡು ಸಲ ಹೋದವು. ವರದಿ ಬರೆದವನು ನಾನು. ಮೂರನೇ ಯಾಕೆಗೆ ಇಪ್ಪತ್ತಾರು ವರ್ಷದ ಒಬ್ಬ ಹುಡುಗ ಸಿಕ್ಕ; ಅಲ್ಲಿಗೆ ನಿಲ್ಲಿಸಿದೆ. ವರದಿಯ ಒಂದು ವಾಕ್ಯವೂ ಸುಳ್ಳಲ್ಲ. ನಾಲ್ಕನೇ ಯಾಕೆ ಕೇಳಿದ್ದರೆ, ಎರಡನೆಯವರ ತಪಾಸಣೆ ಇಲ್ಲದೆ ಕೋಡ್ ಹೋಗಲು ಒಪ್ಪಿಗೆ ಕೊಟ್ಟದ್ದು ಯಾರು ಎಂದು ಬರೆಯಬೇಕಾಗುತ್ತಿತ್ತು. ಗ್ರಾಹಕರಿಗೆ ಆ ತಾರೀಖಿನ ಮಾತು ಕೊಟ್ಟವನು ನಾನು. ಮೂರು ತಿಂಗಳಿಗೆ ಹುಡುಗ ಕೆಲಸ ಬಿಟ್ಟ. ಪ್ರತಿ ಕಾರಣಕ್ಕೂ ಹಿಂದೆ ಇನ್ನೊಂದು ಕಾರಣವಿದೆ. ಸರಪಳಿಯನ್ನು ಎಲ್ಲಿ ತುಂಡು ಮಾಡಬೇಕೆಂದು ಸರಪಳಿಯೇ ಹೇಳುವುದಿಲ್ಲ. ತುಂಡು ಮಾಡುವ ಕೈ ನಮ್ಮದು. ಆ ಕೈ ಸಾಮಾನ್ಯವಾಗಿ ನಮ್ಮ ಮನೆಗಿಂತ ಒಂದು ಮನೆ ಮೊದಲೇ ನಿಲ್ಲುತ್ತದೆ.

ಪಾಕೀಟು ಹಿಡಿದು ಅಡುಗೆಮನೆಗೆ ಹೋದೆ. ಅವ್ವ ಕಡುಬಿನ ಹಿಟ್ಟು ನಾದುತ್ತಿದ್ದಳು. ತಿರುಗಿ ನೋಡಿದಳು, ಆಶ್ಚರ್ಯಪಡಲಿಲ್ಲ.

"ಮೂರನೇ ದಿನಾನ ಕಂಡಿತ್ತು" ಎಂದಳು. "ಆರಿಸಿ ತಗದು ಕುಣಿ ತೋಡಿ ಹುಗದ್ವಿ."

"ಯಾರು?"

"ಮತ್ಯಾರು? ನಾನೂ ನಿಮ್ಮ ಕಾಕಾನೂ. ನನಗ ಸಲಿಕೆ ಎತ್ತಾಕ ಆಗತೈತೇನು?"

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವಳು ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದು, ಆ ಪಾಕೀಟು ಇಸಿದುಕೊಂಡು ಹೋಗಿ ಅದೇ ಕುಣಿಗೆ ಹಾಕಿ ಬಂದಳು.

ಮರುದಿನ ನಸುಕಿನಲ್ಲಿ ಬಸ್ಸಿಗೆ ಹೊರಟೆ. ಹುಂಜ ಕೂಗಿತು, ದನಿ ಇನ್ನೂ ಸ್ವಲ್ಪ ಒಡೆದಿತ್ತು. ಕಾಕಾ ತಮ್ಮ ಕಟ್ಟೆಯ ಮೇಲೆ ಬೇವಿನ ಕಡ್ಡಿ ಹಿಡಿದು ಕೂತಿದ್ದರು.

"ಹೊಂಟೇನು?"

"ಹೂನ್ರಿ ಕಾಕಾ. ಅವತ್ತು ಫೋನಿನ್ಯಾಗ ನಾನು..."

"ಬಸ್ ತಪ್ಪೀತು, ನಡಿ" ಎಂದರು. ಎದ್ದು ಬಂದು ನನ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಟ್ಯಾಂಡಿನವರೆಗೂ ನಡೆದರು. ದಾರಿಯುದ್ದಕ್ಕೂ ಮಳೆಯ ಮಾತೇ ಆಡಿದರು.